ಸ್ಟೋನ್‌ಮ್ಯಾನ್ ಕಡತ ಹಿಡಿದು ಕಾರವಾರದಿಂದ ಶಿರಸಿಗೆ

ಶುಕ್ರವಾರ, ಕಾರವಾರ

ಹುಬ್ಬಳ್ಳಿಯಿಂದ ಶಿರಸಿಗೆ ನೆಟ್ಟಗೆ ಹೋದರೆ ಮೂರು ತಾಸು ಸಾಕು. ನಾವು ಸುತ್ತು ಹಾಕಿ ಹೋದೆವು. ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಮೊದಲು ಕಾರವಾರ. ಆಮೇಲೆ ಅಂಕೋಲಾ, ಗೋಕರ್ಣ, ಕುಮಟಾ. ಕೊನೆಗೆ ದೇವಿಮನೆ ಘಟ್ಟ ಹತ್ತಿ ಶಿರಸಿ. ಎಲ್ಲಾ ಬಸ್ಸಿನಲ್ಲೇ.

ಜೊತೆಗೆ ಅಕ್ಕನ ಮಗಳು. ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿದ್ದಾಳೆ. ಪಠ್ಯಕ್ಕಿಂತ ಜಾಸ್ತಿ ಅವಳ ತಲೆಯಲ್ಲಿ ತುಂಬಿರುವುದು ಕೊಲೆ ಪ್ರಕರಣಗಳು. ಕಿವಿಗೆ ಪಾಡ್‌ಕಾಸ್ಟ್ ಸಿಕ್ಕಿಸಿಕೊಂಡೇ ಊಟ ಮಾಡುತ್ತಾಳೆ, ಹಾಗೇ ಮಲಗುತ್ತಾಳೆ. ಅಮೆರಿಕದ ಯಾವ ಊರಲ್ಲಿ ಯಾವ ವರ್ಷ ಯಾರು ಸತ್ತರು ಎಂದು ಕೇಳಿದರೆ ಪಟಪಟ ಹೇಳುತ್ತಾಳೆ. ಈಗ ಅವಳೇ ಕನ್ನಡದಲ್ಲಿ ಒಂದು ಲೇಖನಮಾಲೆ ಬರೆದಿದ್ದಾಳೆ. ವಿಷಯ, ಬೊಂಬಾಯಿ ಮತ್ತು ಕಲ್ಕತ್ತೆಯ ಸ್ಟೋನ್‌ಮ್ಯಾನ್ ಕೊಲೆಗಳು. ಕರಡು ತಿದ್ದುವ ಕೆಲಸ ನನಗೆ ಬಂತು. ಮಕ್ಕಳ ಉತ್ತರಪತ್ರಿಕೆ ತಿದ್ದಿ ಪಳಗಿದ ಮಾಸ್ತರ ಮನೆಯಲ್ಲೇ ಇರುವಾಗ ಬೇರೆಯವರ ಹತ್ತಿರ ಯಾಕೆ ಹೋಗಬೇಕು, ಅಲ್ವಾ?

ಪ್ರಕರಣ ಗೊತ್ತಿಲ್ಲದವರಿಗೆ ಇಷ್ಟು ಹೇಳಿಬಿಡುತ್ತೇನೆ. 1985ರಲ್ಲಿ ಬೊಂಬಾಯಿಯ ಸಯನ್, ಕಿಂಗ್ಸ್ ಸರ್ಕಲ್ ಭಾಗದಲ್ಲಿ ಇದು ಶುರುವಾಯಿತು. ರಾತ್ರಿ ಫುಟ್‌ಪಾತಿನಲ್ಲಿ ಒಂಟಿಯಾಗಿ ಮಲಗಿದ್ದವರ ತಲೆಯ ಮೇಲೆ ಯಾರೋ ದೊಡ್ಡ ಕಲ್ಲು ಎತ್ತಿಹಾಕಿ ಕೊಲ್ಲುತ್ತಿದ್ದರು. ಕೆಲವು ಕಲ್ಲು 30 ಕಿಲೋದಷ್ಟು ತೂಕ. ಎರಡು ವರ್ಷದಲ್ಲಿ 12 ಜನ ಸತ್ತರು. ಒಬ್ಬ ಹೋಟೆಲ್ ಮಾಣಿ ಮಾತ್ರ ಬದುಕಿ ಉಳಿದ. ಕತ್ತಲಲ್ಲಿ ಅವನಿಗೂ ಮುಖ ಕಂಡಿರಲಿಲ್ಲ. ಆಮೇಲೆ ಅಲ್ಲಿ ನಿಂತಿತು. 1989ರ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಅದೇ ರೀತಿ ಮತ್ತೆ ಶುರು. ಆರು ತಿಂಗಳಲ್ಲಿ 13 ಸಾವು. ಅಲ್ಲಿನ ಇಂಗ್ಲಿಷ್ ಪತ್ರಿಕೆಗಳೇ ಸ್ಟೋನ್‌ಮ್ಯಾನ್ ಎಂಬ ಹೆಸರು ಇಟ್ಟದ್ದು. ಪೊಲೀಸರು ರಾತ್ರಿ ಗಸ್ತು ಹೆಚ್ಚಿಸಿದರು. ಅನುಮಾನ ಬಂದವರನ್ನು ಹಿಡಿದು ತಂದರು, ಬಿಟ್ಟರು. ಕೊಲೆಗಳು ನಿಂತವು. ಯಾರಿಗೂ ಶಿಕ್ಷೆಯಾಗಲಿಲ್ಲ. ಎರಡೂ ಊರಿನಲ್ಲಿ ಕೊಂದವನು ಒಬ್ಬನೇ ಎಂದು ಕೂಡ ಸಾಬೀತಾಗಿಲ್ಲ.

ಹುಡುಗಿ ಚೆನ್ನಾಗಿಯೇ ಬರೆದಿದ್ದಾಳೆ. ಆದರೆ ಎರಡನೇ ಕಂತು ಓದುವಾಗ ನನ್ನ ಕೆಂಪು ಪೆನ್ನು ತಡೆಯಲಿಲ್ಲ. ಅದರಲ್ಲಿ ಕೊಲೆಗಾರ ಬೊಂಬಾಯಿಯಿಂದ ಕಲ್ಕತ್ತೆಗೆ ರೈಲು ಹತ್ತುತ್ತಾನೆ. ಕಿಟಕಿ ಪಕ್ಕ ಕೂರುತ್ತಾನೆ. ಬೀಡಿ ಸೇದುತ್ತಾನೆ. ತನ್ನ ಅಂಗೈ ನೋಡಿಕೊಳ್ಳುತ್ತಾನೆ.

"ಇವನು ಬೀಡಿ ಸೇದಿದ್ದು ನೀನು ಯಾವಾಗ ನೋಡಿದೆ?" ಎಂದೆ.

"ಮಾವ, ಅದು ಓದುಗರಿಗೆ ಬೇಕು. ಇಲ್ಲದಿದ್ರೆ ಯಾರು ಓದ್ತಾರೆ?"

ಸಂಜೆ ಟಾಗೋರ್ ಕಡಲತೀರಕ್ಕೆ ಹೋದೆವು. ಯುದ್ಧನೌಕೆ ಚಪಲ್ ಮರಳ ಮೇಲೆ ನಿಂತಿದೆ, ಮಕ್ಕಳು ಹತ್ತಿ ಇಳಿಯುತ್ತಿದ್ದರು. ರವೀಂದ್ರನಾಥರು ಹರೆಯದಲ್ಲಿ ಇಲ್ಲಿಗೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಕಲ್ಕತ್ತೆಯ ಕವಿಯ ಹೆಸರಿನ ಕಡಲ ಎದುರು ಕೂತು ಕಲ್ಕತ್ತೆಯ ಕೊಲೆಗಳ ಮಾತಾಡುವುದು ಒಂಥರಾ ಅನಿಸಿತು. ಆದರೆ ಸುತ್ತು ಹಾಕಿ ಕಾರವಾರಕ್ಕೆ ಬಂದದ್ದು ಕಡಲು ನೋಡಲು ಅಲ್ಲ. ಇಲ್ಲಿ ನನ್ನ ಹಳೇ ಪರಿಚಯದವರೊಬ್ಬರು ಇದ್ದಾರೆ. ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ಸರ್ವಿಸ್‌ನ ಬಹುಪಾಲು ಠಾಣೆಯ ರೈಟರ್ ಆಗಿ ಕಳೆದವರು. ಠಾಣೆಯ ಕಾಗದಪತ್ರ ಎಲ್ಲ ರೈಟರ್ ಕೈಯಲ್ಲೇ ಹುಟ್ಟುವುದು. ನಿಜವಾದ ಕ್ರೈಮ್ ಲೇಖಕರು ಅವರೇ ಎಂದು ನನ್ನ ಅಭಿಪ್ರಾಯ.

ಹುಡುಗಿ ಕರಡು ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಮೊದಲ ಪುಟ ಓದಿದರು. ಬೀಡಿಯ ಜಾಗಕ್ಕೆ ಬರುವ ಮೊದಲೇ ನಿಲ್ಲಿಸಿದರು.

"ತಂಗಿ, ಆರನೇ ಕೊಲೆ ಹೊತ್ತಿಗೆ ಬೊಂಬಾಯಿ ಪೊಲೀಸರಿಗೆ ಇದೆಲ್ಲ ಒಂದೇ ನಮೂನೆ ಅಂತ ಗೊತ್ತಾಯ್ತು ಅಂತ ಬರೆದೀಯಲ್ಲ. ಒಂದರಿಂದ ಐದರವರೆಗೆ ಎಂತ ಆಯ್ತು?"

ಹುಡುಗಿ ನನ್ನ ಮುಖ ನೋಡಿದಳು.

ಆಮೇಲೆ ಅವರು ಹೇಳಿದ್ದನ್ನು ಅವಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ನಾನು ಇಲ್ಲಿ ಬರೆಯುತ್ತಿರುವುದು ಅದರ ಸಾರ.

ಕಾರವಾರದಂಥ ಊರಿನಲ್ಲಿ ಅಪರಿಚಿತ ಶವ ಹೊಸತಲ್ಲ. ಕಾಳಿ ನದಿಯಲ್ಲಿ ಎಲ್ಲೋ ಬಿದ್ದವರು ಅಳಿವೆಯಲ್ಲಿ ತೇಲುತ್ತಾರೆ. ಕಡಲು ಒಬ್ಬರನ್ನು ಒಂದು ಊರಲ್ಲಿ ಎಳೆದುಕೊಂಡು ಇನ್ನೊಂದು ಊರಲ್ಲಿ ಬಿಡುತ್ತದೆ. ಮೀನುಗಾರರು ನೋಡಿ ಠಾಣೆಗೆ ತಿಳಿಸುತ್ತಾರೆ. ಆಗ ಮೊದಲು ಆಗುವುದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಇದು ಎಫ್‌ಐಆರ್ ಅಲ್ಲ. ಅಪರಾಧ ನಡೆದಿದೆ ಎಂದು ಇದರಲ್ಲಿ ಯಾರೂ ಹೇಳುವುದಿಲ್ಲ. ಮೊದಲು ಇದು ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 194. ಪಂಚರನ್ನು ಕರೆದು ಶವ ಪಂಚನಾಮೆ. ಎತ್ತರ, ಮೈಬಣ್ಣ, ಮಚ್ಚೆ, ಹಳೇ ಗಾಯದ ಕಲೆ, ಹಚ್ಚೆ. ತೊಟ್ಟ ಬಟ್ಟೆ. ಅಂಗಿಯ ಕಾಲರ್ ಒಳಗೆ ಟೇಲರ್ ಹೊಲಿದ ಚೀಟಿ ಇದೆಯಾ ಎಂದು ಮೊದಲು ತಿರುಗಿಸಿ ನೋಡಬೇಕಂತೆ. ಅಂಗಡಿ ಹೆಸರು, ಊರ ಹೆಸರು ಅದರಲ್ಲಿ ಇರುತ್ತದೆ. ಈಗ ಎಲ್ಲರೂ ರೆಡಿಮೇಡ್ ಹಾಕುವ ಕಾಲ. ಆ ದಾರಿ ಮುಚ್ಚಿಹೋಯಿತು ಎಂದು ಬೇಸರ ಮಾಡಿಕೊಂಡರು.

ಆಮೇಲೆ ಸುತ್ತಲ ಠಾಣೆಗಳಿಗೆ ಸಂದೇಶ. ಪತ್ರಿಕೆಗೆ ಫೋಟೊ. "ಸುಮಾರು 45 ವಯಸ್ಸಿನ ಗಂಡಸು, ನೀಲಿ ಚೌಕಳಿ ಲುಂಗಿ" ಎಂದು ಒಳಪುಟದ ಮೂಲೆಯಲ್ಲಿ ಬರುತ್ತದಲ್ಲ, ಅದು. ಶವಾಗಾರದಲ್ಲಿ ಕೆಲವು ದಿನ ಕಾಯುತ್ತಾರೆ. ಯಾರೂ ಬರದಿದ್ದರೆ ಸ್ಥಳೀಯ ಸಂಸ್ಥೆಯವರ ಜೊತೆ ಸೇರಿ ಮಣ್ಣು ಮಾಡುತ್ತಾರೆ.

"ಬೊಂಬಾಯಿ ಫುಟ್‌ಪಾತಿನಲ್ಲಿ ಸತ್ತವನಿಗೆ ಯಾರು ಬರ್ತಾರೆ?" ಎಂದರು. "ಕಾಣೆಯಾಗಿದ್ದಾನೆ ಅಂತ ದೂರು ಕೊಡೋದಕ್ಕೂ ಮನೆ ಬೇಕು. ದೂರು ಇಲ್ಲ, ಗುರುತು ಇಲ್ಲ, ಹೆಸರು ಇಲ್ಲ. ಹೆಣ ಐದು ಆದ್ರೂ ಕಡತ ಐದೇ. ಬೇರೆ ಬೇರೆ ಕಪಾಟಿನಲ್ಲಿ."

ಸ್ಟೋನ್‌ಮ್ಯಾನ್ ಪ್ರಕರಣದಲ್ಲಿ ಸತ್ತವರಲ್ಲಿ ಬಹಳಷ್ಟು ಜನರ ಗುರುತೇ ಸಿಕ್ಕಿರಲಿಲ್ಲ. ಚಿಂದಿ ಆಯುವವರು, ಭಿಕ್ಷೆ ಬೇಡುವವರು. ಒಬ್ಬರೇ ಮಲಗುವವರು. ಕೊಂದವನಿಗೆ ಅನುಕೂಲವಾದದ್ದು ಬರೀ ಕತ್ತಲು ಮಾತ್ರ ಅಲ್ಲ.

ಕರಡಿನಲ್ಲಿ "ಬಗೆಹರಿಯದ ಕೇಸು" ಎಂದಿದ್ದ ಕಡೆ ಅವರು ಬೆರಳಿಟ್ಟು, ನಮ್ಮಲ್ಲಿ ಅದಕ್ಕೆ ಸಿ ರಿಪೋರ್ಟ್ ಹಾಕುವುದು ಎಂದು ವಿವರಿಸಿದರು. ಸುಳ್ಳು ದೂರು ಎಂದಾದರೆ ಬಿ ರಿಪೋರ್ಟ್. ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಿಲ್ಲ ಎಂದಾದರೆ ಸಿ. ಹೊಸ ಸುಳಿವು ಸಿಕ್ಕರೆ ಮತ್ತೆ ತೆರೆಯಬಹುದು. ಕೊಲೆಗೆ ಕಾಲಮಿತಿ ಇಲ್ಲ. ಇಷ್ಟು ಹೇಳಿ, ಊಟ ಮಾಡಿಕೊಂಡೇ ಹೋಗಿ ಎಂದು ಹಟ ಹಿಡಿದರು. ಅವರ ಮನೆಯಲ್ಲಿ ಬಾಂಗಡೆ, ನಮಗೆ ತಿಳಿಸಾರು. ಎರಡೂ ಚೆನ್ನಾಗಿದ್ದವಂತೆ.

ಶನಿವಾರ, ಅಂಕೋಲಾ ದಾರಿ ಮತ್ತು ಗೋಕರ್ಣ

ಬೆಳಿಗ್ಗೆ ಬಸ್ಸು ಹತ್ತಿದೆವು. ಅವಳಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ನನಗೆ ದುಡ್ಡು. ಅಂಕೋಲೆಯಲ್ಲಿ ಇಳಿದು ಚಾ ಕುಡಿದು ಬೇರೆ ಬಸ್ಸು. ಕರಿ ಈಶಾಡ ಮಾವಿನ ಕಾಲ ಅಲ್ಲ, ಹಾಗಾಗಿ ಅಂಕೋಲೆಯಲ್ಲಿ ನಿಲ್ಲಲು ನನಗೆ ಬೇರೆ ಕಾರಣ ಇರಲಿಲ್ಲ.

ಅಂಕೋಲಾ ದಾಟಿದ ಮೇಲೆ ಶಿರೂರು. ಬಸ್ಸಿನಲ್ಲಿ ಮಾತು ತಾನಾಗಿ ಕಡಿಮೆಯಾಯಿತು. ಎಲ್ಲರೂ ಗುಡ್ಡದ ಕಡೆ ಕತ್ತು ತಿರುಗಿಸಿದರು. 2024ರ ಜುಲೈ 16ರಂದು ಇಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿದ್ದು, ರಸ್ತೆ ಬದಿಯ ಚಾದಂಗಡಿ, ಅಲ್ಲಿದ್ದ ಜನ, ವಾಹನ ಎಲ್ಲ ಗಂಗಾವಳಿ ನದಿಗೆ ಹೋದವು. ಕೇರಳದ ಒಬ್ಬ ಲಾರಿ ಚಾಲಕ ಕಾಣೆಯಾಗಿದ್ದ. ಅವನ ಮನೆಯವರು ಬಿಡಲಿಲ್ಲ. ಅವನ ಊರು, ಅವನ ರಾಜ್ಯ ಬಿಡಲಿಲ್ಲ. ಮುಳುಗುಗಾರರು ಬಂದರು, ನೌಕಾಪಡೆ ಬಂತು, ಗೋವಾದಿಂದ ಡ್ರೆಜರ್ ಬಂತು. ಸೆಪ್ಟೆಂಬರ್ 25ರಂದು ನದಿಯ ತಳದಿಂದ ಲಾರಿ ಮೇಲೆ ಬಂತು, ಅವನ ದೇಹದ ಸಮೇತ.

ಇದು ಕೊಲೆಯಲ್ಲ. ಆದರೂ ಹಿಂದಿನ ರಾತ್ರಿ ಹೆಡ್ ಕಾನ್‌ಸ್ಟೆಬಲ್ ಹೇಳಿದ್ದನ್ನು ಅವಳು ಇಲ್ಲಿಗೆ ಜೋಡಿಸಿದಳು. "ಕೇಳೋರು ಇದ್ರೆ ನದಿ ತಳದಿಂದಲೂ ಹುಡುಕ್ತಾರೆ ಮಾವ" ಎಂದಳು. ನಾನು ಏನೂ ಹೇಳಲಿಲ್ಲ. ಅದೇ ದುರಂತದಲ್ಲಿ ಸ್ಥಳೀಯರೂ ಕಾಣೆಯಾಗಿದ್ದರು. ಅವರ ಮನೆಯವರೂ ಕೇಳುತ್ತಲೇ ಇದ್ದರು. ಟಿವಿ ಕ್ಯಾಮೆರಾಗಳು ಮಾತ್ರ ಲಾರಿಯ ಸುತ್ತಲೇ ಇದ್ದವು.

ಗೋಕರ್ಣದಲ್ಲಿ ವಿಪರೀತ ಜನ. ಡಿಸೆಂಬರ್ ಕೊನೆ ಅಂದರೆ ಹಾಗೆಯೇ. ರಥಬೀದಿಯಲ್ಲಿ ಪಂಚೆಯವರು, ಚಡ್ಡಿಯವರು ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಹೋಗುತ್ತಿದ್ದರು. ಮಧ್ಯಾಹ್ನದ ಮೇಲೆ ಓಂ ಬೀಚಿಗೆ ನಡೆದೆವು. ಅಲ್ಲಿ ಅವಳು ಒಣ ಕಡ್ಡಿ ತಗೊಂಡು ಮರಳಿನ ಮೇಲೆ ಜೋಡಿಯಾಕ್‌ನ ಚಿಹ್ನೆ ಬರೆದಳು. ಜೋಡಿಯಾಕ್ ಅಂದರೆ ಯಾರೆಂದು ಇವತ್ತಿಗೂ ಪತ್ತೆಯಾಗದ ಅಮೆರಿಕದ ಸರಣಿ ಕೊಲೆಗಾರ. ವೃತ್ತ, ಅದರ ಮೇಲೆ ಅಡ್ಡ ಉದ್ದ ಎರಡು ಗೆರೆ.

ಈ ವಿಷಯದಲ್ಲಿ ಅವಳನ್ನು ತಡೆಯಲು ಆಗುವುದಿಲ್ಲ. ಉತ್ತರ ಕ್ಯಾಲಿಫೋರ್ನಿಯಾ, 1968ರ ಡಿಸೆಂಬರ್‌ನಿಂದ 1969ರ ಅಕ್ಟೋಬರ್‌ವರೆಗೆ. ಖಚಿತವಾಗಿ ಅವನ ಲೆಕ್ಕಕ್ಕೆ ಸೇರಿದ್ದು ಐದು ಸಾವು, ಬದುಕಿ ಉಳಿದವರು ಇಬ್ಬರು. ತಾನು 37 ಜನರನ್ನು ಕೊಂದೆ ಎಂದು ಅವನೇ ಕೊಚ್ಚಿಕೊಂಡ. 1969ರ ಜುಲೈ ಕೊನೆಯಲ್ಲಿ ಮೂರು ಪತ್ರಿಕೆಗಳಿಗೆ ಕಾಗದ ಬರೆದು, ಒಂದು ಗೂಢಲಿಪಿಯನ್ನು ಮೂರು ತುಂಡು ಮಾಡಿ ಹಂಚಿದ. ಮುಖಪುಟದಲ್ಲಿ ಹಾಕದಿದ್ದರೆ ಮತ್ತೆ ಕೊಲ್ಲುತ್ತೇನೆ ಎಂದ. ಪತ್ರಿಕೆಗಳು ಅಚ್ಚು ಹಾಕಿದವು. 408 ಚಿಹ್ನೆಗಳ ಆ ಲಿಪಿಯನ್ನು ಬಿಡಿಸಿದ್ದು ಯಾವ ಗುಪ್ತಚರ ಇಲಾಖೆಯೂ ಅಲ್ಲ. ಸಲೀನಾಸ್ ಎಂಬ ಊರಿನ ಡೊನಾಲ್ಡ್ ಹಾರ್ಡನ್ ಎಂಬ ಶಾಲಾ ಮಾಸ್ತರ ಮತ್ತು ಅವರ ಹೆಂಡತಿ ಬೆಟ್ಟಿ. ಇಷ್ಟು ಕೇಳಿ ನನಗೂ ಸ್ವಲ್ಪ ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ.

ಅದೇ ವರ್ಷ ನವೆಂಬರಿನಲ್ಲಿ ಅವನು ಇನ್ನೊಂದು ಕಳಿಸಿದ, 340 ಚಿಹ್ನೆಗಳದ್ದು. ಅದು 51 ವರ್ಷ ಯಾರಿಗೂ ಬಗ್ಗಲಿಲ್ಲ. 2020ರ ಡಿಸೆಂಬರಿನಲ್ಲಿ ಅಮೆರಿಕದ ಡೇವಿಡ್ ಒರಾನ್‌ಚಾಕ್, ಆಸ್ಟ್ರೇಲಿಯಾದ ಸ್ಯಾಮ್ ಬ್ಲೇಕ್, ಬೆಲ್ಜಿಯಂನ ಯಾರ್ಲ್ ವಾನ್ ಐಕ್ ಮೂವರೂ ಕಂಪ್ಯೂಟರ್ ಹಚ್ಚಿ ಬಿಡಿಸಿದರು. ಅದರಲ್ಲಿ ಏನಿತ್ತು? ನನ್ನನ್ನು ಹಿಡಿಯುವ ಆಟದಲ್ಲಿ ನಿಮಗೆ ಮಜಾ ಬರುತ್ತಿರಬೇಕು ಎಂಬ ಅರ್ಥದ ಮಾತು. ಹೆಸರು ಇಲ್ಲ, ವಿಳಾಸ ಇಲ್ಲ.

"ಎಷ್ಟು ಜನ ಎಷ್ಟು ವರ್ಷ ಕೂತು ಬಿಡಿಸಿದ್ರು ನೋಡಿ ಮಾವ!"

"ನೋಡಿದೆ. ಅವನು ಹೇಳಿದ ಕೆಲಸ ಮಾಡಿದ್ರು."

ಅವಳಿಗೆ ಸಿಟ್ಟು ಬಂತು. ನನ್ನ ಮಾತಿಗೆ ನಾನು ಅಂಟಿಕೊಂಡೆ. ಈ ಮನುಷ್ಯ ತನ್ನ ಹೆಸರನ್ನು ತಾನೇ ಇಟ್ಟುಕೊಂಡ, ತನ್ನ ಚಿಹ್ನೆ ತಾನೇ ಬರೆದ, ಅಚ್ಚಾಗುವ ಜಾಗವನ್ನೂ ತಾನೇ ಹೇಳಿದ. ಅವನ ಬಗ್ಗೆ ಬರೆದವರು ಬಹಳಷ್ಟು ಜನ ಆ ಆಟದೊಳಗೇ ಉಳಿದರು. ಒಗಟು ಇದ್ದಲ್ಲಿ ಬುದ್ಧಿವಂತರು ಸೇರುತ್ತಾರೆ. ಬೊಂಬಾಯಿ ಫುಟ್‌ಪಾತಿನಲ್ಲಿ ಒಗಟು ಇರಲಿಲ್ಲ. ಕಲ್ಲು ಇತ್ತು ಅಷ್ಟೇ.

ಇನ್ನೊಂದು ಅನಾಹುತವೂ ಇದೆ. ಜೋಡಿಯಾಕ್ ಪ್ರಕರಣದಲ್ಲಿ ಒಬ್ಬ ಮಾಜಿ ಶಿಕ್ಷಕನ ಮೇಲೆ ಅನುಮಾನ ಬಿತ್ತು. ಮನೆ ಶೋಧಿಸಿದರು, ಕೈಬರಹ ಹೋಲಿಸಿದರು. ಅವನ ಮೇಲೆ ಈ ಕೊಲೆಗಳ ಆರೋಪಪಟ್ಟಿ ಎಂದೂ ಆಗಲಿಲ್ಲ. 1992ರಲ್ಲಿ ಸತ್ತ. ಹತ್ತು ವರ್ಷ ಕಳೆದು, ಕಾಗದದ ಅಂಚೆಚೀಟಿಯಿಂದ ತೆಗೆದ ಅರೆಬರೆ ಡಿಎನ್‌ಎ ಅವನದಕ್ಕೆ ಹೊಂದಲಿಲ್ಲ. ಆದರೂ ಇವತ್ತಿಗೂ ಅವನ ಫೋಟೊ ಹಾಕಿ "ಇವನೇ" ಎನ್ನುವವರಿಗೆ ಕಡಿಮೆಯಿಲ್ಲ. ಅವನು ಒಳ್ಳೆಯವನಾಗಿರಲಿಲ್ಲ, ಬೇರೆ ಅಪರಾಧಕ್ಕೆ ಒಳಗೆ ಹೋಗಿ ಬಂದವನು. ಅದರಿಂದ ಇದು ಸಾಬೀತಾಗುತ್ತದೆಯೇ? ಕೇಸು ಬಗೆಹರಿಯದೆ ಉಳಿದರೆ ಬರೆಯುವವನ ಕೈ ಕಡಿಯುತ್ತದೆ. ಕೊನೆಯ ಪುಟದಲ್ಲಿ ಯಾರನ್ನಾದರೂ ಕಟಕಟೆಯಲ್ಲಿ ನಿಲ್ಲಿಸಲೇಬೇಕು.

ತೆರೆ ಬಂದು ವೃತ್ತದ ಅರ್ಧ ಒರೆಸಿತು. ಅವಳು ಉಳಿದರ್ಧವನ್ನು ಕಾಲಿನಿಂದ ಒರೆಸಿ, "ನಿಮ್ಮ ಜೊತೆ ಬೀಚಿಗೆ ಬಂದದ್ದೇ ತಪ್ಪಾಯ್ತು" ಎಂದಳು. ರಾತ್ರಿ ನೋಡಿದರೆ ಬೀಡಿಯ ಪ್ಯಾರಾ ಅಳಿಸಿದ್ದಳು. ರೈಲು ಇನ್ನೂ ಇತ್ತು.

ಭಾನುವಾರ, ಗೋಕರ್ಣದಿಂದ ಕುಮಟಾ, ಘಟ್ಟ

ಬೆಳಿಗ್ಗೆ ಕೋಟಿತೀರ್ಥದ ಹತ್ತಿರ ನೆಂಟರಾದ ಭಟ್ಟರ ಮನೆಗೆ ಹೋದೆವು. ಅವಲಕ್ಕಿ, ಕಷಾಯ. ಗೋಕರ್ಣಕ್ಕೆ ದೂರದೂರದಿಂದ ಪಿತೃಕಾರ್ಯಕ್ಕೆ ಜನ ಬರುತ್ತಾರೆ. ಅಪಘಾತ, ಆತ್ಮಹತ್ಯೆ, ಕೊಲೆ ಹೀಗೆ ದುರ್ಮರಣ ಆದವರಿಗೆ ನಾರಾಯಣ ಬಲಿ ಮಾಡಿಸುತ್ತಾರೆ. ಹುಡುಗಿ ಕಷಾಯದ ಲೋಟ ಹಿಡಿದುಕೊಂಡೇ ಪ್ರಶ್ನೆ ಹಾಕಿದಳು. ಸಂಕಲ್ಪದಲ್ಲಿ ಹೆಸರು, ಗೋತ್ರ ಹೇಳಬೇಕಲ್ಲ, ಸತ್ತವರ ಗೋತ್ರವೇ ಗೊತ್ತಿಲ್ಲದಿದ್ದರೆ?

ಭಟ್ಟರು ಒಂದು ಗಳಿಗೆಯೂ ಯೋಚಿಸಲಿಲ್ಲ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ. ಬಂಧುಗಳಿಲ್ಲದೆ ಸತ್ತವರಿಗೂ ತರ್ಪಣದ ಕೊನೆಯಲ್ಲಿ ಒಂದು ಬೊಗಸೆ ನೀರು ಬಿಡುವ ಮಂತ್ರ ಇದೆ. ಹೇಳಿ ಮುಗಿಸಿ, ಅವಲಕ್ಕಿಗೆ ಮೊಸರು ಬೇಕಾ ಎಂದು ಕೇಳಿದರು. ಅವರಿಗೆ ಅದು ದಿನದ ಕೆಲಸ. ಹೆಡ್ ಕಾನ್‌ಸ್ಟೆಬಲ್‌ರ ಪಂಚನಾಮೆ ನಮೂನೆಯಲ್ಲಿ ಹೆಸರಿನ ಕಾಲಂಗೆ "ಅಪರಿಚಿತ" ಎಂದು ತುಂಬುತ್ತಾರೆ. ಇಲ್ಲಿಯೂ ಆ ಜಾಗ ಖಾಲಿ ಬಿಡುವುದಿಲ್ಲ.

ಕುಮಟಾ ಬಸ್ ನಿಲ್ದಾಣದಲ್ಲಿ ಶಿರಸಿ ಬಸ್ಸಿಗೆ ಕಾಯಬೇಕಾಯಿತು. ಭಾನುವಾರದ ಗದ್ದಲ. ನಿಲ್ದಾಣದ ಶೌಚಾಲಯದ ಮುಂದೆ ಹೆಂಗಸರ ಸಾಲು. ಅದನ್ನು ನೋಡಿ ನಮ್ಮಿಬ್ಬರಿಗೂ ಒಂದೇ ಹೆಸರು ನೆನಪಾಯಿತು. ಸೈನೈಡ್ ಮೋಹನ.

ದಕ್ಷಿಣ ಕನ್ನಡದವನು, ಪ್ರಾಥಮಿಕ ಶಾಲೆ ಶಿಕ್ಷಕ. ನನ್ನ ವೃತ್ತಿಯವನೇ, ಏನು ಮಾಡುವುದು. ಬಡ ಮನೆಯ, ವರದಕ್ಷಿಣೆ ಕೊಡಲಾಗದ, ಮದುವೆ ತಡವಾದ ಹೆಣ್ಣುಮಕ್ಕಳನ್ನು ಮದುವೆಯಾಗುತ್ತೇನೆ ಎಂದು ನಂಬಿಸಿ ದೂರದ ಊರಿಗೆ ಕರೆದೊಯ್ಯುತ್ತಿದ್ದ. ಲಾಡ್ಜಿನಲ್ಲಿ ರಾತ್ರಿ. ಬೆಳಿಗ್ಗೆ ಒಡವೆ ತೆಗೆದಿಡಿಸಿ ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಮಾತ್ರೆ, ಶೌಚಾಲಯಕ್ಕೆ ಹೋಗಿ ನುಂಗು ಎನ್ನುತ್ತಿದ್ದ. ಅದರಲ್ಲಿ ಸೈನೈಡ್. 2003ರಿಂದ 2009ರವರೆಗೆ 20 ಹೆಣ್ಣುಮಕ್ಕಳು.

ಆರು ವರ್ಷ ಇದನ್ನು ಯಾರೂ ಸರಣಿ ಎಂದು ನೋಡಲಿಲ್ಲ. ಮೈಸೂರಿನ ನಿಲ್ದಾಣದಲ್ಲಿ ಒಂದು ಹೆಣ, ಬೆಂಗಳೂರಿನಲ್ಲಿ ಒಂದು, ಮಡಿಕೇರಿಯಲ್ಲಿ ಒಂದು. ಒಂದೊಂದು ಠಾಣೆಯಲ್ಲಿ ಒಂದೊಂದು ಅಸಹಜ ಸಾವು. ಅಪರಿಚಿತ ಮಹಿಳೆ, ಆತ್ಮಹತ್ಯೆ ಇರಬೇಕು, ಮುಗಿಯಿತು. ಇತ್ತ ಊರಿನಲ್ಲಿ ಮನೆಯವರು ಮಗಳು ಯಾರ ಜೊತೆಗೋ ಓಡಿಹೋದಳು ಎಂದು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದರು. ಹೆಣ ಇರುವ ಊರಿನಲ್ಲಿ ಹೆಸರಿಲ್ಲ, ಹೆಸರಿರುವ ಊರಿನಲ್ಲಿ ಹೆಣವಿಲ್ಲ. 2009ರಲ್ಲಿ ಬಂಟ್ವಾಳದ ಒಬ್ಬ ಯುವತಿ ಕಾಣೆಯಾದಾಗ ಅವಳ ಸಮುದಾಯದವರು ಠಾಣೆಯ ಮುಂದೆ ಗಲಾಟೆ ಮಾಡಿದರು. ಪೊಲೀಸರು ಅವಳ ಫೋನ್ ಕರೆಗಳ ಜಾಡು ಹಿಡಿದರು. ಆ ಜಾಡು ಕಾಣೆಯಾದ ಇನ್ನೊಬ್ಬಳ ಫೋನಿಗೆ ಹೋಯಿತು, ಅಲ್ಲಿಂದ ಮತ್ತೊಬ್ಬಳ ಫೋನಿಗೆ. ಅಕ್ಟೋಬರಿನಲ್ಲಿ ಮೋಹನ ಸಿಕ್ಕ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಪ್ರಕರಣಗಳಲ್ಲಿ ಅವನನ್ನು ಅಪರಾಧಿ ಎಂದಿತು.

ಗಲಾಟೆ ಶುರುವಾದದ್ದು ಬೇರೆ ಕಾರಣಕ್ಕೆ. ಹುಡುಗಿ ಬೇರೆ ಧರ್ಮದವನ ಜೊತೆ ಹೋಗಿದ್ದಾಳೆ ಎಂಬ ಅನುಮಾನ. ಆ ಅನುಮಾನ ಸುಳ್ಳಾಯಿತು. ಆದರೆ ಅದರ ಒತ್ತಡದಿಂದಲೇ ಕಡತ ತೆರೆಯಿತು ಎಂಬುದನ್ನು ನೆನೆದರೆ ಈಗಲೂ ನನಗೆ ಇರಿಸುಮುರಿಸು.

"ಅಂದ್ರೆ ಮಾವ," ಎಂದಳು, "ಆ ಗಲಾಟೆ ಆಗದಿದ್ರೆ ಇದು ಬಗೆಹರಿಯದ ಕೇಸು ಕೂಡ ಆಗ್ತಿರಲಿಲ್ಲ. ಕೇಸೇ ಇರ್ತಿರಲಿಲ್ಲ."

ಲಂಡನ್ನಿನ ಮಾತೂ ಬಂತು. 1888ರಲ್ಲಿ ಅಲ್ಲಿನ ವೈಟ್‌ಚಾಪೆಲ್ ಭಾಗದಲ್ಲಿ ನಡೆದ, ಕೊಂದವನು ಸಿಗದೇ ಹೋದ ಹೆಂಗಸರ ಕೊಲೆಗಳು. ಜ್ಯಾಕ್ ದಿ ರಿಪ್ಪರ್ ಎಂಬ ಹೆಸರು ಬಂದದ್ದು ಒಂದು ಸುದ್ದಿಸಂಸ್ಥೆಗೆ ತಲುಪಿದ ಕಾಗದದಿಂದ. ಅದನ್ನು ಯಾರೋ ಪತ್ರಕರ್ತನೇ ಬರೆದದ್ದು ಎಂದು ಪೊಲೀಸರಲ್ಲೇ ಕೆಲವರು ನಂಬಿದ್ದರು. ಸತ್ತ ಐವರು ಹೆಂಗಸರನ್ನು ನೂರು ವರ್ಷಕ್ಕೂ ಮಿಕ್ಕಿ ಒಂದೇ ಪದದಲ್ಲಿ ವೇಶ್ಯೆಯರು ಎಂದು ಬರೆದು ಮುಗಿಸಿದರು. ಒಬ್ಬ ಇತಿಹಾಸಕಾರ್ತಿ 2019ರಲ್ಲಿ ಅವರ ಬದುಕಿನ ದಾಖಲೆ ಹುಡುಕಿ, ಐವರಲ್ಲಿ ಮೂವರು ವೇಶ್ಯಾವೃತ್ತಿಯಲ್ಲಿದ್ದರು ಎನ್ನಲು ಆಧಾರವೇ ಇಲ್ಲ ಎಂದು ವಾದಿಸಿದರು. ಹೆಚ್ಚಿನವರು ಮಲಗಿದ್ದಾಗಲೇ ಸತ್ತಿರಬೇಕು ಎಂಬುದೂ ಅವರ ವಾದ. ಅದನ್ನು ಒಪ್ಪದವರೂ ಇದ್ದಾರೆ. ಆದರೆ ಮಲಗಿದ್ದವರು ಎಂಬ ಮಾತು ಕೇಳಿದೊಡನೆ ಅವಳು ಬ್ಯಾಗಿನಿಂದ ಕರಡು ತೆಗೆದಳು. ಅಷ್ಟರಲ್ಲಿ ಬಸ್ಸು ಬಂತು.

ಕತಗಾಲ ದಾಟಿ ಘಟ್ಟ ಹತ್ತುವಾಗ ಬರೆಯಲು ಆಗುವುದಿಲ್ಲ. ತಿರುವಿಗೊಮ್ಮೆ ಅವಳ ಪೆನ್ನು ಹಾಳೆಯಿಂದ ಹಾರುತ್ತಿತ್ತು. ಅಲ್ಲಲ್ಲಿ ರಸ್ತೆ ಕಾಮಗಾರಿ, ಕೆಂಪು ಮಣ್ಣಿನ ಧೂಳು. ದೇವಿಮನೆಯಲ್ಲಿ ಚಾಲಕ ಒಂದು ಗಳಿಗೆ ನಿಲ್ಲಿಸಿ ಕೈಮುಗಿದ. ಮೇಲೆ ಬಂದ ಮೇಲೆ ತಂಪು.

ಸೋಮವಾರ, ಶಿರಸಿ

ಬೆಳಿಗ್ಗೆ ಮಾರಿಕಾಂಬೆಯ ದರ್ಶನ. ಜಾತ್ರೆ ಎರಡು ವರ್ಷಕ್ಕೊಮ್ಮೆ, ಉಳಿದ ದಿನ ಆರಾಮಾಗಿ ಅಮ್ಮನ ಎದುರು ನಿಲ್ಲಬಹುದು. ಪೇಟೆಯಲ್ಲಿ ತೊಡದೇವು ಕಟ್ಟಿಸಿಕೊಂಡು, ಅಕ್ಕನ ಮನೆಗೆ.

ಅಲ್ಲಿ ಅಡಕೆ ಕೊಯ್ಲಿನ ಭರಾಟೆ. ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ದೀಪ ಹಾಕಿ, ಆಳುಗಳು, ಮನೆಯವರು ಎಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ಹಸಿ ಅಡಕೆ ಸುಲಿಯಲು ಕೂತರು. ಬೆಳಿಗ್ಗೆ ಹಂಡೆಯಲ್ಲಿ ಬೇಯಬೇಕು. ಯಂತ್ರ ಬಂದಿದೆ, ಆದರೂ ಕೆಂಪಡಕೆಗೆ ಕೈಯೇ ಸೈ ಎನ್ನುತ್ತಾರೆ ಭಾವ. ಸುಲಿಯುವಾಗ ಕಥೆ ಬೇಕು. ಹಿಂದೆ ಯಕ್ಷಗಾನ ಪ್ರಸಂಗ ಹೇಳುತ್ತಿದ್ದರು. ಅವತ್ತು ಎಲ್ಲರೂ ಹುಡುಗಿಗೆ ದುಂಬಾಲು ಬಿದ್ದರು.

ಅವಳು ಹೇಳಿದಳು. ರೈಲು ಇಲ್ಲದೆ ಹೇಳಿದಳು. ಆರನೇ ಹೆಣದಿಂದ ಶುರು ಮಾಡಿ ಹಿಂದಕ್ಕೆ ಹೋದಳು, ಮೊದಲ ಐದು ಯಾಕೆ ಬಿಡಿಬಿಡಿಯಾಗಿ ಉಳಿದವು ಎಂದು. ಪಂಚನಾಮೆ ಹೇಳಿದಳು, ಟೇಲರ್ ಚೀಟಿ ಹೇಳಿದಳು. ಕಲ್ಕತ್ತೆಯವರು ಹೆಸರು ಇಟ್ಟದ್ದು ಯಾರಿಗೆ, ಇಡದೆ ಬಿಟ್ಟದ್ದು ಯಾರಿಗೆ ಎಂದು ಕೇಳಿದಳು. ಮಧ್ಯೆ ಒಮ್ಮೆ ಸ್ವಲ್ಪ ಭಾಷಣವಾಯಿತು. ಭಾವ ಆಕಳಿಸಿದರು. ಅವಳು ಗಮನಿಸಿ ಕಡಿಮೆ ಮಾಡಿದಳು.

ಮುಗಿದ ಕೂಡಲೇ ಭಾವನ ಪ್ರಶ್ನೆ: "ಅಂತೂ ಕೊಂದವ ಯಾರು?"

"ಗೊತ್ತಿಲ್ಲೆ ಅಪ್ಪಯ್ಯ."

"ಗೊತ್ತಿಲ್ಲದ್ದಕ್ಕೆ ಇಷ್ಟು ಹೊತ್ತು ಕೂಡಿಸಿದ್ಯಾ?"

ಎಲ್ಲರೂ ನಕ್ಕರು. ಒಬ್ಬ ಹುಡುಗ, ಹುಚ್ಚ ಇರಬೇಕು ಎಂದ. ಇನ್ನೊಬ್ಬ, ಪೊಲೀಸನೇ ಇರಬೇಕು, ಅದಕ್ಕೇ ಸಿಕ್ಕಿಲ್ಲ ಎಂದ. ಪಾಡ್‌ಕಾಸ್ಟಿನಲ್ಲಿ ತಾಸುಗಟ್ಟಲೆ ನಡೆಯುವ ಚರ್ಚೆ ನಮ್ಮ ಅಂಗಳದಲ್ಲಿ ಅರ್ಧ ಬುಟ್ಟಿ ಅಡಕೆಯೊಳಗೆ ಮುಗಿಯಿತು.

ಮೂಲೆಯಲ್ಲಿ ಕೂತಿದ್ದ ಹೆಂಗಸೊಬ್ಬಳು ಕತ್ತಿಯಿಂದ ಕಣ್ಣು ತೆಗೆಯದೆ ಕೇಳಿದಳು. "ಹಂಗಾರೆ ಹೆಣ ಯಾರು ತಗಂಡು ಹೋದ್ರು ತಂಗಿ?"

ಈ ಪ್ರಶ್ನೆಗೆ ಕರಡಿನಲ್ಲಿ ಉತ್ತರ ಇರಲಿಲ್ಲ. ಅಂಗಳದಲ್ಲಿದ್ದವರಲ್ಲಿ ಅದನ್ನು ಕೇಳಬೇಕು ಎಂದು ಅನ್ನಿಸಿದ್ದು ಅವಳೊಬ್ಬಳಿಗೇ. ಹುಡುಗಿ ಕೈತೊಳೆದುಕೊಂಡು ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಲ್ಯಾಪ್‌ಟಾಪ್ ತೆರೆದು ಮಾಹಿತಿ ಹಕ್ಕು ಕಾಯ್ದೆ ನೋಡುತ್ತಿದ್ದಳು. ಯಾವ ದಿನ ಯಾವ ಠಾಣೆಯಲ್ಲಿ ದಾಖಲಾಯಿತು, ಎಷ್ಟು ಜನರ ಗುರುತು ಸಿಕ್ಕಿತು, ಎಷ್ಟು ಶವ ಮನೆಯವರು ಒಯ್ದರು, ಉಳಿದವರ ಅಂತ್ಯಸಂಸ್ಕಾರ ಎಲ್ಲಿ ಯಾರು ಮಾಡಿದರು. ಪ್ರಶ್ನೆಗಳ ಪಟ್ಟಿ ಆಗಲೇ ಅರ್ಧ ಪುಟ ಆಗಿತ್ತು.

"ತನಿಖೆ ಬಾಕಿ ಇದೆ, ಕೊಡೋದಿಲ್ಲ ಅಂದ್ರೆ?" ಎಂದೆ.

"8ನೇ ಕಲಮಿನ 3ನೇ ಉಪಕಲಂ ಮಾವ. 20 ವರ್ಷದ ಹಿಂದಿನ ಘಟನೆಗೆ ಆ ನೆಪ ಹೇಳೋ ಹಾಗಿಲ್ಲ. ಇದಕ್ಕೆ ಮೂವತ್ತು ದಾಟಿತು."

ಕಾನೂನು ಕಾಲೇಜಿಗೆ ಕಟ್ಟಿದ ಫೀಸು ಪೂರ್ತಿ ದಂಡವಾಗಿಲ್ಲ ಎಂದು ಅಕ್ಕನಿಗೆ ಹೇಳಬೇಕು ಅಂದುಕೊಂಡೆ. ಮುಂಬೈ ಪೊಲೀಸರಿಗೆ ಒಂದು ಅರ್ಜಿ, ಕೋಲ್ಕತ್ತಾ ಪೊಲೀಸರಿಗೆ ಒಂದು. ಎರಡೂ ಊರಿನ ಮಹಾನಗರ ಪಾಲಿಕೆಗೆ ಬೇರೆ. ಲೇಖನಮಾಲೆ ಅಲ್ಲಿಯವರೆಗೆ ನಿಲ್ಲುತ್ತದೆ ಎಂದಳು. ನನಗೆ ಅದೂ ಒಪ್ಪಿಗೆ.

ಭಾವ ಅಡಕೆ ಕೈಯಲ್ಲೇ ಬಾಗಿಲಲ್ಲಿ ನಿಂತು ಪರದೆ ನೋಡಿದರು. "ಕನ್ನಡದಲ್ಲಿ ಬರದ್ರೆ ಆಗ್ತಿಲ್ಯನೇ?"

"ಇಲ್ಲೆ ಅಪ್ಪಯ್ಯ. ಇಂಗ್ಲಿಷು, ಹಿಂದಿ, ಇಲ್ಲದಿದ್ರೆ ಆ ರಾಜ್ಯದ ಭಾಷೆ."

"ಹಂಗಾರೆ ಇಂಗ್ಲಿಷಲ್ಲೇ ಬರಿ. 10 ರೂಪಾಯಿ ಶುಲ್ಕ ಆನು ಕೊಡ್ತೆ" ಎಂದು ಸುಲಿಯಲು ಹೋದರು.